ಲಿಯೋನ್ ಫ್ಲೈಷರ್

ಲಿಯೋನ್ ಫ್ಲೈಷರ್ (ಜುಲೈ 23, 1928 – ಆಗಸ್ಟ್ 2, 2020) ಅಮೆರಿಕದ ಪಿಯಾನೊ ವಾದಕರು, ವಾದ್ಯವೃಂದ ನಿರ್ದೇಶಕರು ಹಾಗೂ ಸಂಗೀತ ಶಿಕ್ಷಕರು. ಬೇಥೋವನ್ ಮತ್ತು ಬ್ರಾಮ್ಸ್ ಅವರ ಕಾನ್ಸರ್ಟೊಗಳ ಧ್ವನಿಮುದ್ರಣಗಳಿಂದ ಇವರು ಇಪ್ಪತ್ತನೆಯ ಶತಮಾನದ ಪ್ರಮುಖ ಪಿಯಾನೊ ವಾದಕರ ಸಾಲಿಗೆ ಸೇರಿದರು. ಮೂವತ್ತಾರನೆಯ ವಯಸ್ಸಿನಲ್ಲಿ, ಕೀರ್ತಿಯ ಶಿಖರದಲ್ಲಿದ್ದಾಗ, ಬಲಗೈಯ ಬೆರಳುಗಳ ಮೇಲಿನ ಹತೋಟಿ ತಪ್ಪಿ ಎರಡು ಕೈಗಳ ವಾದನವನ್ನು ನಿಲ್ಲಿಸಬೇಕಾಯಿತು. ಅನಂತರದ ಮೂರು ದಶಕಗಳಲ್ಲಿ ಎಡಗೈಗೆಂದೇ ರಚಿತವಾದ ಕೃತಿಗಳನ್ನು ನುಡಿಸುತ್ತ, ವಾದ್ಯವೃಂದಗಳನ್ನು ನಿರ್ದೇಶಿಸುತ್ತ, ಎಲ್ಲಕ್ಕಿಂತ ಮಿಗಿಲಾಗಿ ಶಿಷ್ಯರಿಗೆ ಪಾಠ ಹೇಳುತ್ತ ಬಾಳಿದರು. 1990ರ ದಶಕದ ನಡುವಿನಲ್ಲಿ ಚಿಕಿತ್ಸೆಯ ನೆರವಿನಿಂದ ಬಲಗೈ ಭಾಗಶಃ ಚೇತರಿಸಿಕೊಂಡಿತು. ಬಾಲ್ಟಿಮೋರ್ ನಗರದ ಪೀಬಾಡಿ ಸಂಗೀತ ವಿದ್ಯಾಲಯದಲ್ಲಿ 1959ರಿಂದ ಬದುಕಿನ ಕೊನೆಯವರೆಗೂ ಬೋಧಿಸಿದರು.

ಜನನ ಮತ್ತು ಬಾಲ್ಯ

ಫ್ಲೈಷರ್ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬಡ ಯಹೂದಿ ವಲಸಿಗರ ಕುಟುಂಬದಲ್ಲಿ ಜನಿಸಿದರು. ತಂದೆ ಒಡೆಸ್ಸಾ ನಗರದಿಂದ, ತಾಯಿ ಪೋಲೆಂಡಿನಿಂದ ಬಂದವರು. ತಂದೆಯದು ಟೋಪಿ ತಯಾರಿಸುವ ಕಸುಬು. ಮನೆಗೆ ಪಿಯಾನೊ ತಂದದ್ದು ಲಿಯೋನ್‌ಗಾಗಿ ಅಲ್ಲ, ಅಣ್ಣನಿಗಾಗಿ. ಅಣ್ಣನ ಪಾಠ ಮುಗಿದು ಆತ ಆಟಕ್ಕೆ ಹೊರಟ ಮೇಲೆ, ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ನಾಲ್ಕು ವರ್ಷದ ತಮ್ಮ ಪಿಯಾನೊ ಬಳಿ ಹೋಗಿ ಅದೇ ಪಾಠವನ್ನು ನುಡಿಸುತ್ತಿದ್ದ, ಅದೂ ಅಣ್ಣನಿಗಿಂತ ಚೆನ್ನಾಗಿ. ಇದನ್ನು ಗಮನಿಸಿದ ಮನೆಯವರು ಪಾಠವನ್ನು ತಮ್ಮನಿಗೆ ವರ್ಗಾಯಿಸಿದರು.

ತಾಯಿಯ ಹಂಬಲ ದೊಡ್ಡದಾಗಿತ್ತು. ಮಗ ಅಮೆರಿಕದ ಮೊದಲ ಯಹೂದಿ ಅಧ್ಯಕ್ಷನಾಗಬೇಕು, ಇಲ್ಲವಾದರೆ ಶ್ರೇಷ್ಠ ಪಿಯಾನೊ ವಾದಕನಾಗಬೇಕು ಎಂಬುದು ಆಕೆಯ ಆಸೆಯಾಗಿತ್ತು. ಎಂಟನೆಯ ವಯಸ್ಸಿಗೆ ಬಾಲಕನ ಮೊದಲ ಸಾರ್ವಜನಿಕ ಕಛೇರಿ ನಡೆಯಿತು.

ಆರ್ಟುರ್ ಶ್ನಾಬೆಲ್ ಅವರ ಶಿಷ್ಯತ್ವ

ಆಸ್ಟ್ರಿಯಾ ಮೂಲದ ಆರ್ಟುರ್ ಶ್ನಾಬೆಲ್ ಅಂದಿನ ಕಾಲದ ಹಿರಿಯ ಪಿಯಾನೊ ವಾದಕರು. ಬೇಥೋವನ್ ರಚಿಸಿದ 32 ಪಿಯಾನೊ ಸೊನಾಟಾಗಳನ್ನೂ ಮೊದಲ ಬಾರಿಗೆ ಸಂಪೂರ್ಣವಾಗಿ ಧ್ವನಿಮುದ್ರಿಸಿದವರು. ಹದಿನಾರು ವರ್ಷ ತುಂಬದ ಮಕ್ಕಳನ್ನು ಶಿಷ್ಯರನ್ನಾಗಿ ಸ್ವೀಕರಿಸುವುದಿಲ್ಲ ಎಂಬುದು ಅವರ ನಿಯಮ. ಅವರು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿದ್ದಾಗ ಅಲ್ಲಿನ ವಾದ್ಯವೃಂದದ ಮಾಜಿ ನಿರ್ದೇಶಕ ಆಲ್‌ಫ್ರೆಡ್ ಹರ್ಟ್ಸ್ ಅವರ ಮನೆಯಲ್ಲಿ ಊಟಕ್ಕೆ ಆಹ್ವಾನಿತರಾದರು. ಊಟ ನಡೆಯುತ್ತಿದ್ದಾಗ ಒಂಬತ್ತು ವರ್ಷದ ಲಿಯೋನ್‌ನನ್ನು ನೆಲಮಾಳಿಗೆಯ ಬಾಗಿಲಿನಿಂದ ಗುಟ್ಟಾಗಿ ಒಳಗೆ ಕರೆತಂದು ಪಿಯಾನೊ ಮುಂದೆ ಕೂರಿಸಲಾಯಿತು. ಊಟ ಮುಗಿಸಿ ಬಂದ ಶ್ನಾಬೆಲ್‌ಗೆ ಕೇಳದೆ ಬೇರೆ ದಾರಿಯಿರಲಿಲ್ಲ. ಕೇಳಿದ ಮೇಲೆ ಅವರು ತಮ್ಮ ನಿಯಮವನ್ನು ಸಡಿಲಿಸಿದರು, ಆದರೆ ಒಂದು ಷರತ್ತು ಹಾಕಿದರು: ಕಲಿಯುವಷ್ಟು ಕಾಲ ಹುಡುಗ ಸಾರ್ವಜನಿಕ ಕಛೇರಿಗಳನ್ನು ಕೊಡಕೂಡದು. ಬಾಲಪ್ರತಿಭೆಯನ್ನು ಮೆರೆಸಿ ಹಣ ಮಾಡುವ ಪದ್ಧತಿ ಜೋರಾಗಿದ್ದ ಕಾಲದಲ್ಲಿ, ಅದೂ ಬಡ ಕುಟುಂಬವೊಂದಕ್ಕೆ, ಇದು ಹಗುರವಾದ ಷರತ್ತಲ್ಲ.

1938ರ ಬೇಸಿಗೆಯಲ್ಲಿ ಇಟಲಿಯ ಕೋಮೊ ಸರೋವರದ ದಡದ ತ್ರೆಮೆಝೊ ಊರಿನಲ್ಲಿ ಪಾಠ ಆರಂಭವಾಯಿತು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಬರ್ಲಿನ್ ತೊರೆದಿದ್ದ ಶ್ನಾಬೆಲ್ ಅಲ್ಲಿ ನೆಲೆಸಿದ್ದರು. 1939ರಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋದ ಮೇಲೆ ನ್ಯೂಯಾರ್ಕಿನಲ್ಲಿ ಪಾಠ ಮುಂದುವರಿದು, ಶಿಷ್ಯತ್ವ ಒಟ್ಟು ಹತ್ತು ವರ್ಷ ನಡೆಯಿತು. ಶ್ನಾಬೆಲ್ ಅವರ ಗುರು ಥಿಯೋಡೋರ್ ಲೆಶೆಟಿಟ್ಸ್ಕಿ, ಅವರ ಗುರು ಕಾರ್ಲ್ ಚೆರ್ನಿ, ಚೆರ್ನಿಯ ಗುರು ಸ್ವತಃ ಬೇಥೋವನ್. ಹೀಗಾಗಿ ಫ್ಲೈಷರ್ ಬೇಥೋವನ್ ಅವರ ಗುರುಪರಂಪರೆಯಲ್ಲಿ ಐದನೆಯ ತಲೆಮಾರಿನವರಾಗುತ್ತಾರೆ.

ಶ್ನಾಬೆಲ್ ಪಾಠವನ್ನು ಒಬ್ಬೊಬ್ಬರಿಗೇ ಗುಟ್ಟಾಗಿ ಹೇಳುತ್ತಿರಲಿಲ್ಲ. ಒಬ್ಬ ಶಿಷ್ಯ ನುಡಿಸುವಾಗ ಉಳಿದವರೂ ಸುತ್ತ ಕುಳಿತು ಕೇಳುತ್ತಿದ್ದರು. ತನ್ನ ಪಾಠದ ಜೊತೆಗೆ ಇತರರ ಪಾಠಗಳೂ ಪ್ರತಿಯೊಬ್ಬರಿಗೂ ದೊರಕುತ್ತಿದ್ದವು; ತಪ್ಪನ್ನು ಹತ್ತು ಜನರ ಮುಂದೆ ತಿದ್ದಿಸಿಕೊಳ್ಳುವ ಅಭ್ಯಾಸವೂ ಆಗುತ್ತಿತ್ತು. ಮುಂದೆ ಫ್ಲೈಷರ್ ತಮ್ಮ ತರಗತಿಯನ್ನೂ ಇದೇ ಕ್ರಮದಲ್ಲಿ ನಡೆಸಿದರು.

ವಾದಕರಾಗಿ ಉನ್ನತಿ

1944ರ ನವೆಂಬರ್‌ನಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಫ್ಲೈಷರ್ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಂದಿಗೆ ನುಡಿಸಿದರು. ಕೃತಿ ಬ್ರಾಮ್ಸ್ ಅವರ ಮೊದಲ ಪಿಯಾನೊ ಕಾನ್ಸರ್ಟೊ. ಒಂದು ಏಕವಾದ್ಯ ಮತ್ತು ಇಡೀ ವಾದ್ಯವೃಂದ ಸಂವಾದ ನಡೆಸುವ ಬಗೆಯ ಕೃತಿಗಳಿಗೆ ಕಾನ್ಸರ್ಟೊ ಎನ್ನುತ್ತಾರೆ. ಅವುಗಳಲ್ಲಿ ಬ್ರಾಮ್ಸ್ ಅವರದು ದೈಹಿಕ ಶ್ರಮದ ದೃಷ್ಟಿಯಿಂದಲೂ ಗಾಂಭೀರ್ಯದ ದೃಷ್ಟಿಯಿಂದಲೂ ಹದಿಹರೆಯದವರು ಸಾಮಾನ್ಯವಾಗಿ ಮುಟ್ಟದ ಕೃತಿ. ಅಂದು ವೃಂದವನ್ನು ನಿರ್ದೇಶಿಸಿದ ಪಿಯೇರ್ ಮೊಂತೆ ಈ ಬಾಲಕನನ್ನು ಪಿಯಾನೊ ಕ್ಷೇತ್ರದ ಶತಮಾನದ ಶೋಧವೆಂದು ಬಣ್ಣಿಸಿದರು. ಇದೇ ಕಾನ್ಸರ್ಟೊ ಫ್ಲೈಷರ್ ಅವರ ಬದುಕಿನುದ್ದಕ್ಕೂ ಅವರ ಹೆಸರಿನೊಡನೆ ಬೆಸೆದುಕೊಂಡಿತು.

1952ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ನಡೆದ ರಾಣಿ ಎಲಿಜಬೆತ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದರು. ಈ ಸ್ಪರ್ಧೆಯನ್ನು ಗೆದ್ದ ಮೊದಲ ಅಮೆರಿಕನ್ ಇವರು. ಅಮೆರಿಕದ ಸಂಗೀತಗಾರರು ಯುರೋಪಿನ ಮನ್ನಣೆಗೆ ಕಾಯುತ್ತಿದ್ದ ದಿನಗಳಲ್ಲಿ ಈ ಗೆಲುವು ಅವರಿಗೆ ಎರಡೂ ಖಂಡಗಳ ವೇದಿಕೆಗಳನ್ನು ತೆರೆಯಿತು.

ಕ್ಲೀವ್‌ಲ್ಯಾಂಡ್ ವಾದ್ಯವೃಂದ ಮತ್ತು ಅದರ ನಿರ್ದೇಶಕ ಜಾರ್ಜ್ ಸೆಲ್ ಅವರೊಂದಿಗಿನ ಧ್ವನಿಮುದ್ರಣಗಳು ಈ ಅವಧಿಯ ಮುಖ್ಯ ಫಲ. ಸೆಲ್ ಅತ್ಯಂತ ಕಟ್ಟುನಿಟ್ಟಿನವರೆಂದು ಹೆಸರಾದವರು. ಒಂದು ಸ್ವರದ ಉದ್ದವನ್ನೂ ಅಂದಾಜಿಗೆ ಬಿಡುತ್ತಿರಲಿಲ್ಲ. ಬೇಥೋವನ್ ಅವರ ಐದು ಕಾನ್ಸರ್ಟೊಗಳು, ಬ್ರಾಮ್ಸ್ ಅವರ ಎರಡು, ಶೂಮನ್ ಮತ್ತು ಗ್ರೀಗ್ ಅವರ ಒಂದೊಂದು ಕಾನ್ಸರ್ಟೊ ಈ ಜೋಡಿಯಿಂದ ಧ್ವನಿಮುದ್ರಿತವಾದವು. ಆಡಂಬರವಿಲ್ಲದ, ಆದರೆ ಒಳಗೊಳಗೇ ಬಿಗಿಯಾಗಿ ಕಟ್ಟಿದ ಲಯದ ಈ ಮುದ್ರಣಗಳು ಆರು ದಶಕಗಳ ನಂತರವೂ ಮಾರಾಟದಲ್ಲಿವೆ, ಹೊಸ ಮುದ್ರಣಗಳನ್ನು ಅವುಗಳೊಡನೆ ಹೋಲಿಸುವ ರೂಢಿಯೂ ಉಳಿದಿದೆ.

ಬಲಗೈಯ ವೈಕಲ್ಯ

1964ರ ಸುಮಾರಿಗೆ ಫ್ಲೈಷರ್ ಅವರಿಗೆ ಬಲಗೈಯ ತೋರುಬೆರಳು ಮಂದವಾದಂತೆ ಅನಿಸತೊಡಗಿತು. ಹೆಚ್ಚು ಅಭ್ಯಾಸ ಮಾಡಿದರೆ ಸರಿಹೋದೀತೆಂದು ಅವರು ಅಭ್ಯಾಸವನ್ನು ಹೆಚ್ಚಿಸಿದರು. ಅದು ಸಮಸ್ಯೆಯನ್ನು ಉಲ್ಬಣಗೊಳಿಸಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕೆಲವೇ ತಿಂಗಳಲ್ಲಿ ಉಂಗುರ ಬೆರಳು ಮತ್ತು ಕಿರುಬೆರಳು ತಾವಾಗಿಯೇ ಅಂಗೈಯ ಕಡೆಗೆ ಮಡಚಿಕೊಳ್ಳತೊಡಗಿದವು. 1965ರ ವಸಂತದಲ್ಲಿ ಕ್ಲೀವ್‌ಲ್ಯಾಂಡ್ ವಾದ್ಯವೃಂದ ಸೋವಿಯತ್ ಒಕ್ಕೂಟದ ಪ್ರವಾಸ ಹೊರಡುವುದಿತ್ತು, ಫ್ಲೈಷರ್ ಅದರ ಏಕವಾದಕರಲ್ಲಿ ಒಬ್ಬರಾಗಬೇಕಿತ್ತು. ಹೊರಡುವ ಮುನ್ನ ನಡೆದ ಕಛೇರಿಯಲ್ಲಿ ಅವರ ಕೈಯ ಸ್ಥಿತಿ ಕಂಡ ಸೆಲ್ ಅವರನ್ನು ಪ್ರವಾಸದಿಂದ ಕೈಬಿಟ್ಟರು. ಎರಡು ಕೈಗಳ ವೃತ್ತಿಜೀವನ ಅಲ್ಲಿಗೆ ನಿಂತುಹೋಯಿತು.

ನೋವಿರಲಿಲ್ಲ, ಮೂಳೆ ಮುರಿದಿರಲಿಲ್ಲ. ವೈದ್ಯರಿಗೆ ಕಾರಣ ಸಿಗಲಿಲ್ಲ. ಔಷಧಿ, ಮಸಾಜ್, ಸಂಮೋಹನ, ಮನೋಚಿಕಿತ್ಸೆ, ಅಕ್ಯುಪಂಕ್ಚರ್ ಹೀಗೆ ಕಂಡ ದಾರಿಗಳನ್ನೆಲ್ಲ ಅವರು ತುಳಿದರು. ಈ ವರ್ಷಗಳಲ್ಲಿ ದಾಂಪತ್ಯ ಮುರಿದುಬಿತ್ತು. ಆತ್ಮಹತ್ಯೆಯ ಆಲೋಚನೆಯೂ ತಮಗೆ ಬಂದಿತ್ತೆಂದು ಅವರು ಮರೆಮಾಚದೆ ಹೇಳಿದ್ದಾರೆ. ಗಡ್ಡ ಬಿಟ್ಟು, ಕೂದಲನ್ನು ಜುಟ್ಟು ಕಟ್ಟಿಕೊಂಡು, ವೆಸ್ಪಾ ಸ್ಕೂಟರ್ ಏರಿ ಓಡಾಡುತ್ತಿದ್ದ ಕಾಲವದು.

ರೋಗಕ್ಕೆ ಫೋಕಲ್ ಡಿಸ್ಟೋನಿಯಾ ಎಂಬ ಸರಿಯಾದ ಹೆಸರು ದೊರೆತದ್ದು ಸುಮಾರು ಕಾಲು ಶತಮಾನದ ನಂತರ, 1990ರ ದಶಕದಲ್ಲಿ. ಇದು ಸ್ನಾಯುವಿನ ರೋಗವಲ್ಲ, ಮೆದುಳಿನ ಚಲನ ವ್ಯವಸ್ಥೆಯ ದೋಷ. ಮೆದುಳಿನಲ್ಲಿ ಪ್ರತಿಯೊಂದು ಬೆರಳಿಗೂ ಪ್ರತ್ಯೇಕ ನೆಲೆಯಿರುತ್ತದೆ. ಅತಿ ಸೂಕ್ಷ್ಮವಾದ ಒಂದೇ ಬಗೆಯ ಚಲನೆಯನ್ನು ವರ್ಷಗಟ್ಟಲೆ, ದಿನಕ್ಕೆ ಹಲವು ಗಂಟೆ ಪುನರಾವರ್ತಿಸಿದಾಗ ಕೆಲವರಲ್ಲಿ ಈ ನೆಲೆಗಳ ಗಡಿ ಮಸುಕಾಗಿ ಒಂದರ ಮೇಲೊಂದು ಹರಡಿಕೊಳ್ಳುತ್ತವೆ. ಆಗ ಒಂದು ಬೆರಳಿಗೆ ಕೊಟ್ಟ ಆದೇಶ ಪಕ್ಕದ ಬೆರಳನ್ನೂ ಸೆಳೆಯುತ್ತದೆ. ಮಡಚುವ ಮತ್ತು ಚಾಚುವ ಸ್ನಾಯುಗಳು ಒಟ್ಟಿಗೇ ಬಿಗಿಯುತ್ತವೆ. ವಿಚಿತ್ರವೆಂದರೆ ಈ ದೋಷ ಅನೇಕ ವೇಳೆ ಆ ಒಂದು ಕೆಲಸದಲ್ಲಿ ಮಾತ್ರ ತಲೆದೋರುತ್ತದೆ, ಅದೇ ಕೈ ಬೇರೆ ಕೆಲಸಗಳಿಗೆ ಸರಿಯಾಗಿಯೇ ಒದಗುತ್ತದೆ. ವೃತ್ತಿಪರ ಸಂಗೀತಗಾರರಲ್ಲಿ ಸುಮಾರು ಶೇಕಡ 1ರಷ್ಟು ಮಂದಿ ಇದಕ್ಕೆ ತುತ್ತಾಗುತ್ತಾರೆಂದು ಅಂದಾಜಿದೆ. ಕಛೇರಿಗಳು ಕೈತಪ್ಪುವ ಭಯದಿಂದ ಅನೇಕರು ಇದನ್ನು ಬಚ್ಚಿಡುತ್ತಿದ್ದರು. ಫ್ಲೈಷರ್ ಮತ್ತು ಅವರ ಸಮಕಾಲೀನ ಪಿಯಾನೊ ವಾದಕ ಗ್ಯಾರಿ ಗ್ರಾಫ್‌ಮನ್ ತಮ್ಮ ಬಲಗೈಯ ತೊಂದರೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದರಿಂದ ಸಂಗೀತಗಾರರ ವೃತ್ತಿರೋಗಗಳ ಕಡೆಗೆ ವೈದ್ಯರ ಗಮನ ಹರಿಯಿತು.

ಎಡಗೈ ವಾದನ

ಎಡಗೈ ಒಂದಕ್ಕೇ ಬರೆದ ಪಿಯಾನೊ ಕೃತಿಗಳ ಪ್ರಮುಖ ಭಾಗ ಪಾಲ್ ವಿಟ್‌ಗೆನ್‌ಸ್ಟೈನ್ ಎಂಬವರಿಂದಾಗಿ ಹುಟ್ಟಿದ್ದು. ವಿಯೆನ್ನಾದ ಸಿರಿವಂತ ಮನೆತನದ, ತತ್ತ್ವಶಾಸ್ತ್ರಜ್ಞ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಅವರ ಅಣ್ಣನಾದ ಈ ಪಿಯಾನೊ ವಾದಕ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡರು. ಅನಂತರ ಅವರು ಸಂಭಾವನೆ ಕೊಟ್ಟು ಪ್ರಸಿದ್ಧ ರಚನಕಾರರಿಂದ ಕೃತಿಗಳನ್ನು ಬರೆಸಿದರು. ರಾವೆಲ್ ಅವರ ಎಡಗೈ ಕಾನ್ಸರ್ಟೊ (ಮೊದಲ ಪ್ರದರ್ಶನ 1932), ಪ್ರೊಕೊಫಿಯೆವ್ ಅವರ ನಾಲ್ಕನೆಯ ಕಾನ್ಸರ್ಟೊ, ಬ್ರಿಟನ್ ಅವರ ಡೈವರ್ಷನ್ಸ್ ಇವುಗಳಲ್ಲಿ ಮುಖ್ಯವಾದವು. ಈ ಪೈಕಿ ಪ್ರೊಕೊಫಿಯೆವ್ ಅವರ ಕೃತಿಯನ್ನು ವಿಟ್‌ಗೆನ್‌ಸ್ಟೈನ್ ನುಡಿಸಲೇ ಇಲ್ಲ.

ಒಂದೇ ಕೈಯಲ್ಲಿ ಪಿಯಾನೊ ನುಡಿಸುವುದಾದರೆ ಎಡಗೈಯೇ ಅನುಕೂಲಕರ. ಕೀಲಿಮಣೆಯ ಬಲಕ್ಕೆ ಹೋದಂತೆ ಸ್ವರ ಏರುತ್ತದೆ. ಎಡಗೈಯನ್ನು ಚಾಚಿದಾಗ ಬಲತುದಿಯಲ್ಲಿ ಬರುವುದು ಹೆಬ್ಬೆರಳು. ಹೀಗಾಗಿ ಕೈಯ ಅತಿ ಬಲವಾದ ಬೆರಳು ಮೇಲಿನ ರಾಗದ ಎಳೆಯನ್ನು ಹಾಡಿಸುತ್ತದೆ, ಕಿರುಬೆರಳು ಮಂದ್ರಸ್ವರಗಳನ್ನು ನೋಡಿಕೊಳ್ಳುತ್ತದೆ. ಎರಡು ಕೈಗಳ ಕೆಲಸವನ್ನು ಒಂದೇ ಕೈ ಮಾಡುವಾಗ ಪೆಡಲ್‌ನ ಬಳಕೆ ಮುಖ್ಯವಾಗುತ್ತದೆ. ಮಂದ್ರದ ಸ್ವರವನ್ನು ಮುಟ್ಟಿ, ಪೆಡಲ್ ಒತ್ತಿ ಅದರ ನಾದ ಉಳಿಸಿಕೊಂಡು, ಕೈ ತಾರಕ್ಕೆ ಜಿಗಿಯಬೇಕು. ಕಣ್ಣು ಮುಚ್ಚಿ ಕೇಳಿದವರಿಗೆ ಒಂದೇ ಕೈಯೆಂದು ತಿಳಿಯದಂತೆ ಇರುವುದು ಇಂಥ ಕೃತಿಗಳ ಗುರಿ.

ಫ್ಲೈಷರ್ ಈ ಕೃತಿಗಳ ಕಡೆಗೆ ಮೊದಲು ಒಲ್ಲದ ಮನಸ್ಸಿನಿಂದಲೇ ಹೊರಳಿದರು. ಕಾಲಕ್ರಮದಲ್ಲಿ ರಾವೆಲ್ ಕಾನ್ಸರ್ಟೊದ ಪ್ರಮುಖ ವಾದಕರೆನಿಸಿದರು. ರಾವೆಲ್, ಪ್ರೊಕೊಫಿಯೆವ್ ಮತ್ತು ಬ್ರಿಟನ್ ಅವರ ಮೂರೂ ಕೃತಿಗಳನ್ನು ಸೈಜಿ ಓಜಾವಾ ನಿರ್ದೇಶನದ ಬಾಸ್ಟನ್ ಸಿಂಫನಿ ವಾದ್ಯವೃಂದದೊಂದಿಗೆ ಧ್ವನಿಮುದ್ರಿಸಿದರು. ಬಾಖ್ ಅವರ ವಯಲಿನ್ ಶಕೋನ್ ಕೃತಿಯನ್ನು ಬ್ರಾಮ್ಸ್ ಎಡಗೈ ಪಿಯಾನೊಗೆ ಅಳವಡಿಸಿದ ರೂಪವೂ ಅವರ ಕಛೇರಿಗಳಲ್ಲಿ ಸ್ಥಾನ ಪಡೆಯಿತು. ಲ್ಯೂಕಾಸ್ ಫಾಸ್, ಲಿಯಾನ್ ಕಿರ್ಷ್ನರ್ ಮೊದಲಾದ ರಚನಕಾರರು ಅವರಿಗಾಗಿಯೇ ಹೊಸ ಕೃತಿಗಳನ್ನು ಬರೆದರು. ವಿಲಿಯಂ ಬೋಲ್ಕಮ್ ಅವರ ಗಾಯಾ ಎಂಬ ರಚನೆ ಇವುಗಳಲ್ಲಿ ಕುತೂಹಲಕರವಾದುದು. ಫ್ಲೈಷರ್ ಮತ್ತು ಗ್ರಾಫ್‌ಮನ್ ಇಬ್ಬರಿಗಾಗಿ ಬರೆದ ಇದರಲ್ಲಿ ಎರಡು ಎಡಗೈ ಕಾನ್ಸರ್ಟೊಗಳಿವೆ. ಅವನ್ನು ಬೇರೆ ಬೇರೆಯಾಗಿಯೂ ನುಡಿಸಬಹುದು, ಒಟ್ಟಿಗೆ ನುಡಿಸಿದರೆ ಮೂರನೆಯ ಕೃತಿಯೊಂದಾಗುತ್ತದೆ. ಇದರ ಮೊದಲ ಪ್ರದರ್ಶನ 1996ರಲ್ಲಿ ಬಾಲ್ಟಿಮೋರಿನಲ್ಲಿ ನಡೆಯಿತು.

ಇನ್ನೊಂದು ಕೃತಿ ಎಂಟು ದಶಕ ಕಾದಿತ್ತು. ಹಿಂಡೆಮಿತ್ 1923ರಲ್ಲಿ ವಿಟ್‌ಗೆನ್‌ಸ್ಟೈನ್‌ಗಾಗಿ ಬರೆದ ಎಡಗೈ ಕಾನ್ಸರ್ಟೊವನ್ನು ಅವರು ಒಮ್ಮೆಯೂ ನುಡಿಸದೆ, ಬೇರೆಯವರಿಗೂ ಕೊಡದೆ ಇಟ್ಟುಕೊಂಡಿದ್ದರು. ಅವರ ಪತ್ನಿಯ ನಿಧನಾನಂತರ ಪೆನ್ಸಿಲ್ವೇನಿಯಾದ ಮನೆಯಲ್ಲಿ ಹಸ್ತಪ್ರತಿ ಪತ್ತೆಯಾಯಿತು. 2004ರ ಡಿಸೆಂಬರ್‌ನಲ್ಲಿ ಸೈಮನ್ ರ‍್ಯಾಟಲ್ ನಿರ್ದೇಶನದ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಅದನ್ನು ಮೊದಲ ಬಾರಿಗೆ ನುಡಿಸಿದವರು 76 ವರ್ಷದ ಫ್ಲೈಷರ್.

ವಾದ್ಯವೃಂದ ನಿರ್ದೇಶನ

1960ರ ದಶಕದ ಕೊನೆಯಲ್ಲಿ ಫ್ಲೈಷರ್ ಅವರು ಡೀನಾ ಕಾಸ್ಟನ್ ಅವರೊಂದಿಗೆ ವಾಷಿಂಗ್ಟನ್‌ನಲ್ಲಿ ಥಿಯೇಟರ್ ಚೇಂಬರ್ ಪ್ಲೇಯರ್ಸ್ ಎಂಬ ತಂಡ ಕಟ್ಟಿದರು. 1970ರಿಂದ 1982ರವರೆಗೆ ಅನಾಪೊಲಿಸ್ ಸಿಂಫನಿ ವಾದ್ಯವೃಂದದ ನಿರ್ದೇಶಕರಾಗಿದ್ದರು, ಬಾಲ್ಟಿಮೋರ್ ಸಿಂಫನಿಯ ಸಹನಿರ್ದೇಶಕರಾಗಿಯೂ ಕೆಲಸ ಮಾಡಿದರು. 1986ರಿಂದ 1997ರವರೆಗೆ ಮ್ಯಾಸಚೂಸೆಟ್ಸ್‌ನ ಟ್ಯಾಂಗಲ್‌ವುಡ್ ಸಂಗೀತ ಕೇಂದ್ರದ ಕಲಾ ನಿರ್ದೇಶಕರಾಗಿದ್ದು, ಓಜಾವಾ ಅವರೊಡನೆ ಕೇಂದ್ರದ ಆಡಳಿತದ ಬಗ್ಗೆ ಭಿನ್ನಾಭಿಪ್ರಾಯ ಬಂದಾಗ ಆ ಹುದ್ದೆ ಬಿಟ್ಟರು.

ಶಿಕ್ಷಕರಾಗಿ

ಫ್ಲೈಷರ್ ಪೀಬಾಡಿ ವಿದ್ಯಾಲಯಕ್ಕೆ ಸೇರಿದ್ದು ಕೈ ಕೆಡುವ ಐದು ವರ್ಷ ಮೊದಲೇ. ಆದರೆ ಅವರು ನಿಜವಾದ ಅರ್ಥದಲ್ಲಿ ಶಿಕ್ಷಕರಾದದ್ದು ಅನಂತರವೇ ಎನ್ನಬೇಕು. ಮೊದಲೆಲ್ಲ ಶಿಷ್ಯ ತಪ್ಪಿದಾಗ ಅವನನ್ನು ಪಕ್ಕಕ್ಕೆ ಸರಿಸಿ, ತಾವೇ ಪಿಯಾನೊ ಮುಂದೆ ಕುಳಿತು ಹೀಗೆ ಎಂದು ನುಡಿಸಿ ತೋರಿಸುತ್ತಿದ್ದರು. ಬಲಗೈ ಹೋದ ಮೇಲೆ ತೋರಿಸುವ ದಾರಿ ಮುಚ್ಚಿಹೋಯಿತು. ತಮಗೆ ಏನು ಬೇಕೆಂಬುದನ್ನು ಮಾತಿನಲ್ಲಿ ಹೇಳಬೇಕಾಯಿತು. ಹೇಳಲು ಅದನ್ನು ಮೊದಲು ತಾವೇ ತಿಳಿದುಕೊಳ್ಳಬೇಕಾಯಿತು. ಈ ಒತ್ತಾಯದಿಂದಲೇ ತಾವು ಉತ್ತಮ ಶಿಕ್ಷಕರಾದದ್ದೆಂದು ಅವರು ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಶಿಷ್ಯರ ದೃಷ್ಟಿಯಿಂದಲೂ ಇದರಲ್ಲಿ ಲಾಭವಿತ್ತು. ಗುರು ನುಡಿಸಿ ತೋರಿಸಿದರೆ ಶಿಷ್ಯ ಅನುಕರಿಸುತ್ತಾನೆ. ಕಾರಣವನ್ನು ಹೇಳಿದರೆ ತನ್ನದೇ ಉತ್ತರ ಹುಡುಕಬೇಕಾಗುತ್ತದೆ.

ನುಡಿಸುವವನು ಏಕಕಾಲಕ್ಕೆ ಮೂವರಾಗಿರಬೇಕು ಎಂಬುದು ಅವರ ಬೋಧನೆಯ ತಿರುಳು. ಮೊದಲನೆಯವನು ಸ್ವರ ಹುಟ್ಟುವ ಮುನ್ನವೇ ಅದು ಹೇಗಿರಬೇಕೆಂದು ಒಳಗಿವಿಯಲ್ಲಿ ಕೇಳಿಸಿಕೊಳ್ಳುತ್ತಾನೆ. ಎರಡನೆಯವನು ಕೀಲಿಗಳನ್ನು ಒತ್ತಿ ನುಡಿಸುತ್ತಾನೆ. ಮೂರನೆಯವನು ಸ್ವಲ್ಪ ದೂರದಲ್ಲಿ ಕುಳಿತು, ಹೊರಟ ನಾದ ಬಯಸಿದ ನಾದಕ್ಕೆ ಹೊಂದುತ್ತದೆಯೇ ಎಂದು ಆಲಿಸಿ, ಹೊಂದದಿದ್ದರೆ ಮೊದಲನೆಯವನಿಗೆ ತಿಳಿಸುತ್ತಾನೆ. ಈ ಚಕ್ರ ಒಂದು ಕ್ಷಣವೂ ನಿಲ್ಲಬಾರದು. ಹೆಚ್ಚಿನ ವಿದ್ಯಾರ್ಥಿಗಳಲ್ಲಿ ಎರಡನೆಯವನೊಬ್ಬನೇ ದುಡಿಯುತ್ತಿರುತ್ತಾನೆ ಎಂಬುದು ಅವರ ಆಕ್ಷೇಪ. ಹಾಗಾಗಿ ಪಿಯಾನೊ ಮುಟ್ಟುವ ಮುನ್ನ ಸ್ವರಲಿಪಿಯನ್ನು ಓದಿ ಮನಸ್ಸಿನಲ್ಲೇ ಕೇಳಿಸಿಕೊಳ್ಳುವಂತೆ ಹೇಳುತ್ತಿದ್ದರು. ದಿನಕ್ಕೆ ಏಳೆಂಟು ಗಂಟೆ ಯಾಂತ್ರಿಕವಾಗಿ ಸಾಧನೆ ಮಾಡುವುದನ್ನು ಕಟುವಾಗಿ ವಿರೋಧಿಸುತ್ತಿದ್ದರು. ಬೆರಳು ನೊಂದರೆ, ದಣಿದರೆ ನಿಲ್ಲಿಸಬೇಕೆಂಬ ಅವರ ಎಚ್ಚರಿಕೆಗೆ ಸ್ವಂತ ಕೈಯೇ ಸಾಕ್ಷಿಯಾಗಿತ್ತು.

ಪೀಬಾಡಿಯಲ್ಲದೆ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿಯೂ ಟೊರಾಂಟೊದ ರಾಯಲ್ ಕನ್ಸರ್ವೇಟರಿಯಲ್ಲಿಯೂ ಪಾಠ ಹೇಳಿದರು. ಆಂಡ್ರೆ ವಾಟ್ಸ್, ಯೆಫಿಮ್ ಬ್ರಾನ್ಫ್‌ಮನ್, ಲೂಯಿ ಲೋರ್ತಿ, ಜೊನಾಥನ್ ಬಿಸ್ ಅವರ ಶಿಷ್ಯರಲ್ಲಿ ಹೆಸರಾದವರು. ಇವರ ವಾದನದಲ್ಲಿ ಒಬ್ಬರಂತೆ ಇನ್ನೊಬ್ಬರು ಕೇಳಿಸುವುದಿಲ್ಲ ಎಂಬುದು ಗಮನಾರ್ಹ.

ಎರಡು ಕೈಗಳ ಪುನರಾಗಮನ

ಮೊದಲ ಪ್ರಯತ್ನ ವಿಫಲವಾಯಿತು. 1981ರಲ್ಲಿ ಮಣಿಕಟ್ಟಿನ ನರದ ಮೇಲಿನ ಒತ್ತಡ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಫ್ಲೈಷರ್, 1982ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರಿನ ಹೊಸ ಮೇಯರ್‌ಹಾಫ್ ಸಭಾಂಗಣದ ಉದ್ಘಾಟನೆಯಂದು ಎರಡು ಕೈಗಳಲ್ಲಿ ನುಡಿಸಿದರು. ಬೇಥೋವನ್ ಅವರ ನಾಲ್ಕನೆಯ ಕಾನ್ಸರ್ಟೊ ನುಡಿಸುವ ಯೋಜನೆ ಬಿಟ್ಟು, ಕೈಗೆ ಸುಲಭವಾದ ಸೆಸಾರ್ ಫ್ರಾಂಕ್ ಅವರ ಸಿಂಫನಿಕ್ ವೇರಿಯೇಷನ್ಸ್ ಆರಿಸಿಕೊಂಡಿದ್ದರು. ದೂರದರ್ಶನದಲ್ಲಿ ಪ್ರಸಾರವಾದ ಆ ಸಂಜೆಯನ್ನು ಪತ್ರಿಕೆಗಳು ಪವಾಡವೆಂದು ಕೊಂಡಾಡಿದವು. ಕೈ ಸರಿಹೋಗಿಲ್ಲವೆಂಬುದು ವಾದಕರಿಗೆ ಮಾತ್ರ ಗೊತ್ತಿತ್ತು. ಮುಂದಿನ ಕಛೇರಿಗಳನ್ನು ರದ್ದುಮಾಡಿ ಅವರು ಮತ್ತೆ ಎಡಗೈಗೆ ಮರಳಿದರು.

1990ರ ದಶಕದಲ್ಲಿ ರಾಲ್ಫಿಂಗ್ ಎಂಬ ಅಂಗಮರ್ದನ ಪದ್ಧತಿ ಮತ್ತು ಬೊಟಾಕ್ಸ್ ಚುಚ್ಚುಮದ್ದು ಜೊತೆಗೂಡಿ ಫಲಕೊಟ್ಟವು. ಮುಖದ ನೆರಿಗೆ ತೆಗೆಯಲು ಬಳಕೆಯಾಗುವ ಈ ಔಷಧ ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆದು ಅತಿಯಾಗಿ ಬಿಗಿಯುವ ಸ್ನಾಯುವನ್ನು ಸಡಿಲಿಸುತ್ತದೆ. ಪರಿಣಾಮ ಕೆಲವು ತಿಂಗಳು ಮಾತ್ರ. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಪ್ರಮಾಣ ಹೆಚ್ಚಾದರೆ ಬೆರಳು ದುರ್ಬಲವಾಗುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ತಾವು ಗುಣವಾಗಿಲ್ಲ, ರೋಗದೊಡನೆ ಹೊಂದಿಕೊಂಡಿದ್ದೇನೆ ಅಷ್ಟೇ ಎಂಬುದನ್ನು ಫ್ಲೈಷರ್ ಪ್ರತಿ ಸಂದರ್ಭದಲ್ಲೂ ಸ್ಪಷ್ಟಪಡಿಸುತ್ತಿದ್ದರು. 1995ರಲ್ಲಿ ಕ್ಲೀವ್‌ಲ್ಯಾಂಡ್ ವಾದ್ಯವೃಂದದೊಂದಿಗೆ ಮೊಜಾರ್ಟ್ ಕಾನ್ಸರ್ಟೊ ನುಡಿಸಿ ಎರಡು ಕೈಗಳ ವೇದಿಕೆಗೆ ಹಿಂದಿರುಗಿದರು.

2004ರಲ್ಲಿ ಟೂ ಹ್ಯಾಂಡ್ಸ್ ಎಂಬ ಧ್ವನಿಮುದ್ರಿಕೆ ಹೊರಬಂತು. ನಾಲ್ಕು ದಶಕಗಳಲ್ಲಿ ಎರಡು ಕೈಗಳಲ್ಲಿ ಅವರು ನುಡಿಸಿದ ಮೊದಲ ಏಕವ್ಯಕ್ತಿ ಮುದ್ರಿಕೆಯಿದು. ಬಾಖ್ ಅವರ ಕಿರುಕೃತಿಗಳಿಂದ ಆರಂಭವಾಗಿ ಶೂಬರ್ಟ್ ಅವರ ಕೊನೆಯ ಸೊನಾಟಾದಿಂದ ಮುಗಿಯುವ ಇದರಲ್ಲಿ ಯೌವನದ ಮುದ್ರಣಗಳ ವೇಗ, ಕಸುವು ಇಲ್ಲ. ನಿಧಾನಗತಿಯ ಭಾಗಗಳಲ್ಲಿ ಸ್ವರಗಳ ನಡುವಿನ ಮೌನವನ್ನು ಅವರು ಹಿಡಿದಿಡುವ ಬಗೆ ಮಾತ್ರ ಹಳೆಯ ಮುದ್ರಣಗಳಲ್ಲೂ ಸಿಗದಂಥದು. ಇದೇ ಹೆಸರಿನಲ್ಲಿ ನಥಾನಿಯಲ್ ಕಾನ್ ನಿರ್ದೇಶಿಸಿದ ಕಿರು ಸಾಕ್ಷ್ಯಚಿತ್ರ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಪಿಯಾನೊ ವಾದಕಿಯಾದ ಪತ್ನಿ ಕ್ಯಾಥರೀನ್ ಜೇಕಬ್‌ಸನ್ ಅವರೊಂದಿಗೆ ಜೋಡಿ ವಾದನ ಕಛೇರಿಗಳನ್ನೂ ಕೊಟ್ಟರು. ಸಂಗೀತ ವಿಮರ್ಶಕಿ ಆನ್ ಮಿಜೆಟ್ ಅವರ ಜೊತೆಗೂಡಿ ಬರೆದ ಆತ್ಮಕಥೆ ಮೈ ನೈನ್ ಲೈವ್ಸ್ 2010ರಲ್ಲಿ ಪ್ರಕಟವಾಯಿತು.

ಗೌರವಗಳು

2007ರಲ್ಲಿ ಅಮೆರಿಕದ ಕೆನಡಿ ಕೇಂದ್ರದ ಗೌರವಕ್ಕೆ ಪಾತ್ರರಾದರು. ಅದರ ಅಂಗವಾಗಿ ಶ್ವೇತಭವನದ ಸತ್ಕಾರಕ್ಕೆ ಹೋಗಬೇಕಾಗಿ ಬಂದದ್ದು ಇರಾಕ್ ಯುದ್ಧವನ್ನು ವಿರೋಧಿಸುತ್ತಿದ್ದ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿತು. ಗೌರವವನ್ನು ಸ್ವೀಕರಿಸಿದ ಅವರು, ಸರ್ಕಾರದ ನೀತಿಗಳ ಬಗೆಗಿನ ತಮ್ಮ ಅಸಮ್ಮತಿಯನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಲೇಖನ ಬರೆದು ತಿಳಿಸಿದರು.

ನಿಧನ

ಫ್ಲೈಷರ್ 2020ರ ಆಗಸ್ಟ್ 2ರಂದು ಬಾಲ್ಟಿಮೋರಿನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅವರಿಗೆ 92 ವರ್ಷ ವಯಸ್ಸಾಗಿತ್ತು. ಅವರಿಗೆ ಐವರು ಮಕ್ಕಳು. ನಿಧನದ ಹಿಂದಿನ ವಾರದವರೆಗೂ ಅವರು ಶಿಷ್ಯರಿಗೆ ಪಾಠ ಹೇಳುತ್ತಿದ್ದರು.